ನಮ್ಮ ಕಡೆಯವರ ಅಂಗಡಿ

ಚಂದ್ರಾಮ ತಾಟಿನ ಮುಂದೆ ಕೂತಿದ್ದನೇ ಹೊರತು ತುತ್ತು ಎತ್ತಿರಲಿಲ್ಲ. ಮುರಿದ ರೊಟ್ಟಿ ಮುರಿದಂತೆಯೇ ಇತ್ತು, ಪುಂಡಿಪಲ್ಯ ಆರಿ ಎಣ್ಣೆ ಬಿಟ್ಟುಕೊಂಡಿತ್ತು. ಅವನ ಕಣ್ಣು ಬಾಗಿಲ ಮೇಲೆ. ಬಾಲಾನಗರದ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಎಲ್ಲಿ ಕೂತರೂ ಬಾಗಿಲು ಕಾಣುತ್ತಿತ್ತು, ಅದು ಬೇರೆ ಮಾತು. ಅವನ ಹೆಂಡತಿ ರೇಣುಕಾ ಗ್ಯಾಸಿನ ಕಟ್ಟೆಯ ಮುಂದೆ ನಿಂತು ಉಳಿದ ರೊಟ್ಟಿ ಬಡಿಯುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಕೋಠಿಯ ಹೋಲ್‌ಸೇಲ್ ಔಷಧದಂಗಡಿಯಲ್ಲಿ ಬಿಲ್ಲು ಹೊಡೆದು ಬಂದ ಕೈ ಅದು. ಈಗ ರೊಟ್ಟಿ ಬಡಿಯುವ ಕೊಣಮಿಗೆಯ ಮೇಲೆ ಬೀಳುವ ಏಟು ಬರಬರುತ್ತ ಜೋರಾಗುತ್ತಿತ್ತು. ಗಂಡ ಬಾಯಿ ತೆಗೆದರೆ ಜಗಳ, ತೆಗೆಯದಿದ್ದರೂ ಜಗಳ ಎಂದು ಅವಳಿಗೆ ಗೊತ್ತಿತ್ತು.

ಮಗಳು ವರ್ಷಾ ಬಂದಾಗ ಕಾಲೇಜು ಬಿಟ್ಟು ಎಷ್ಟೋ ಹೊತ್ತಾಗಿತ್ತು. ಡಿಗ್ರಿ ಎರಡನೇ ವರ್ಷದ ಹುಡುಗಿ. ಸಂಜೆಯಾದರೆ ಕೂಕಟ್‌ಪಲ್ಲಿಯ ಒಂದು ಗೇಮಿಂಗ್ ಸೆಂಟರ್‌ಗೆ ಹೋಗಿ, ತಾಸಿಗೆ ಇಷ್ಟು ಎಂದು ಕೊಟ್ಟು ಕಂಪ್ಯೂಟರಿನಲ್ಲಿ ಆಡುತ್ತಿದ್ದಳು. ಕದ್ದು ಮುಚ್ಚಿ ಅಲ್ಲ. ಆಟದಲ್ಲಿ ಅವಳದು ಒಳ್ಳೆಯ ಕೈ. ಊರಿನ ಬೇರೆ ಬೇರೆ ಕಾಲೇಜಿನ ಐದು ಹುಡುಗಿಯರ ಒಂದು ಟೀಮು ಅವಳನ್ನು ಐದನೆಯವಳಾಗಿ ಸೇರಿಸಿಕೊಂಡಿತ್ತು.

"ಆ ಕತ್ತಲ ಗುಹಾದಾಗ ಗಂಡುಹುಡುಗರ ನಡುವ ಕುಂತು ಬಂದೂಕ ಹೊಡೀತಾಳ," ಎಂದ ಚಂದ್ರಾಮ, ಮಗಳಿಗಲ್ಲ, ರೊಟ್ಟಿಗೆ ಹೇಳುವಂತೆ. "ಅಪ್ಪ ಇಲ್ಲಿ ಶೆಡ್ಡಿನಾಗ ಲೇತ್ ಮಷಿನ್ ಮುಂದ ನಿಂತು ಮೊಣಕಾಲು ಸವಿಸಾಕತ್ತಾನ."

"ನಿನಗ ಲೇತ್ ತಿರುಗಿಸಿದ್ದಕ್ಕ ಪಗಾರ ಕೊಡ್ತಾರಲ್ಲಪ್ಪ, ನನಗ ಬಂದೂಕ ಹೊಡದಿದ್ದಕ್ಕ ಕೊಡ್ತಾರ," ಎಂದಳು ವರ್ಷಾ ಚೀಲ ಇಳಿಸುತ್ತ.

ಅದು ಬರೀ ಬಾಯಿಮಾತಲ್ಲ ಎಂದು ಆಮೇಲೆ ತಿಳಿಯಿತು. ಹಬ್ಬದ ಮುಂಚಿನ ಒಂದು ಭಾನುವಾರ ಆಯ್ಕೆಯ ಪಂದ್ಯಗಳಿದ್ದವು. ಅದರಲ್ಲಿ ದಾಟಿದ ಟೀಮನ್ನು ಒಂದು ಕಂಪನಿ ವರ್ಷವಿಡೀ ತಿಂಗಳ ಸಂಬಳ ಕೊಟ್ಟು ಆಡಿಸುತ್ತಿತ್ತು. ಆದರೆ ಕಳ್ಳಾಟ ಆಗಬಾರದೆಂದು ಸೆಂಟರಿನ ಮಷಿನ್ನು ನಡೆಯುವುದಿಲ್ಲ, ಪ್ರತಿಯೊಬ್ಬರೂ ಸ್ವಂತ ಮಷಿನ್ನಿನಲ್ಲೇ ಆಡಬೇಕು. ವರ್ಷಾಳ ಬಳಿ ಇಲ್ಲ. ಇಲ್ಲದಿದ್ದರೆ ಅವಳ ಜಾಗಕ್ಕೆ ಕೂರಲು ಆರನೆಯವಳೊಬ್ಬಳು ತುದಿಗಾಲಲ್ಲಿ ನಿಂತಿದ್ದಳು.

ತೀರ್ಪು ಕೊಟ್ಟವಳು ಚಂದ್ರಾಮನ ತಾಯಿ ಗದಿಗೆಮ್ಮ. ಅವಳಿಗೆ ಆಟವೂ ಗೊತ್ತಿಲ್ಲ, ಕಂಪನಿಯೂ ಗೊತ್ತಿಲ್ಲ. ಮೊಮ್ಮಗಳು ಕತ್ತಲಾದ ಮೇಲೆ ಬಸ್ಸಿಳಿದು ಬರುವುದು ಮಾತ್ರ ಗೊತ್ತು.

"ಆ ಡಬ್ಬಿ ಮನಿಗೇ ತಂದು ಕೊಡು. ಕಣ್ಣ ಮುಂದ ಇರ್ತಾಳ. ಏನ್ ಮಾಡ್ತಾಳಂತ ನಾನೂ ನೋಡ್ತೀನಿ."

ಹೀಗೆ ಹುಡುಗಿಯನ್ನು ಮನೆಯಲ್ಲಿ ಕಟ್ಟಿಹಾಕುವ ಲೆಕ್ಕದಲ್ಲಿ ಅವಳಿಗೆ ಕಂಪ್ಯೂಟರು ಒದಗಿತು. ಐವತ್ತು ಸಾವಿರ, ಅದರ ಮೇಲೆ ಒಂದು ರೂಪಾಯಿ ಇಲ್ಲ ಎಂದು ಚಂದ್ರಾಮ ಕಡ್ಡಿ ಮುರಿದಂತೆ ಹೇಳಿದ. ಅವನ ಓವರ್‌ಟೈಮಿನದು ಸ್ವಲ್ಪ, ವರ್ಷಾ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಸಿದ್ದು ಸ್ವಲ್ಪ. ದೊಡ್ಡ ಪಾಲು ರೇಣುಕಾಳ ಚೀಟಿಯ ದುಡ್ಡು. ಬಟ್ಟೆ ಒಗೆಯುವ ಮಷಿನ್ನು ತರಬೇಕೆಂದು ಅವಳು ಎರಡು ವರ್ಷ ಕಟ್ಟಿದ ಚೀಟಿ. ಅದನ್ನು ಯಾರೂ ಅವಳಿಂದ ಕೇಳಿ ತೆಗೆದುಕೊಳ್ಳಲಿಲ್ಲ. 'ಚೀಟಿದು ಐತಲ್ಲ' ಎಂದು ಗಂಡ ಅಂದ, ಅತ್ತೆ ತಲೆಯಾಡಿಸಿದಳು, ಮುಗಿಯಿತು. ಮರುದಿನ ನಸುಕಿನಲ್ಲಿ ರೇಣುಕಾ ಚಂದ್ರಾಮನ ಗ್ರೀಸು ಹತ್ತಿದ ಪ್ಯಾಂಟನ್ನು ಬಚ್ಚಲ ಕಲ್ಲಿಗೆ ಎತ್ತೆತ್ತಿ ಬಡಿದಳು. ಯಾರನ್ನು ಬಡಿಯುತ್ತಿದ್ದಾಳೆಂದು ಅವಳಿಗೇ ಗೊತ್ತಿತ್ತು.

ಮುಂದಿನ ಎರಡು ಮೂರು ವಾರ ಆ ಮನೆಯಲ್ಲಿ ಊಟವೆಂದರೆ ಬಿಡಿಭಾಗಗಳ ಜಗಳ. ವರ್ಷಾ ಕಾಲೇಜು ಮುಗಿಸಿ ಸಿಕಂದರಾಬಾದಿನ ಕಂಪ್ಯೂಟರ್ ಮಾರ್ಕೆಟ್ಟಿಗೆ ಹೋಗಿ ಅಂಗಡಿ ಅಂಗಡಿ ತಿರುಗಿ ದರ ಕೇಳಿಕೊಂಡು ಬರುವಳು. ತಾಯಿ ಪಾತ್ರೆ ತಿಕ್ಕುವಾಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮೊಬೈಲು ನೋಡುತ್ತ ಒಂದೊಂದನ್ನೇ ಬಿಡಿಸಿ ಹೇಳುವಳು. ಪ್ರೊಸೆಸರ್ ಅಂದರೆ ಲೆಕ್ಕ ಮಾಡುವ ತಲೆ. ಗ್ರಾಫಿಕ್ಸ್ ಕಾರ್ಡು ಅಂದರೆ ಪರದೆಯ ಮೇಲೆ ಚಿತ್ರ ಬಿಡಿಸುವ ಕೈ. ಗೇಮಿಗೆ ತಲೆಗಿಂತ ಕೈಯೇ ಮುಖ್ಯ, ಐವತ್ತರಲ್ಲಿ ಇಪ್ಪತ್ತು ಸಾವಿರ ಅದಕ್ಕೇ ಹೋಗುತ್ತದೆ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟು ತೆಗೆದುಕೊಂಡು ಎಲ್ಲಕ್ಕೂ ಹದವಾಗಿ ಹಂಚುವ ಪೆಟ್ಟಿಗೆ.

ಅವಳು ಉಳಿಸಬಹುದಾದ ಕಡೆಯೆಲ್ಲ ಉಳಿಸಿದ್ದಳು. ಮಾನಿಟರು ಹಾಸ್ಟೆಲ್ಲಿನ ಗೆಳತಿಯ ಹಳೆಯದು. ಹೊರಗಿನ ಡಬ್ಬಿ, ಅಂದರೆ ಕ್ಯಾಬಿನೆಟ್ಟು, ಎಲ್ಲಕ್ಕಿಂತ ಸೋವಿಯದು, ಲೈಟಿಲ್ಲ ಗಾಜಿಲ್ಲ. ಒಂದು ಕಡೆ ಮಾತ್ರ ಕೈ ಬಿಗಿ ಹಿಡಿಯಲು ಒಪ್ಪಲಿಲ್ಲ.

"ಕರೆಂಟಿನ ಡಬ್ಬಿಗೆ ನಾಕು ಸಾವಿರ?" ಎಂದ ಚಂದ್ರಾಮ. "ಅದೇನು ಆಡ್ತೈತೇನು? ಹಾಡ್ತೈತೇನು?"

"ಅದು ಕೆಟ್ರ ಎಲ್ಲಾ ಕೆಡ್ತೈತಿ ಅಪ್ಪ. ಎಲ್ಲಾದ್ರಾಗೂ ಕಡಿಮಿ ಮಾಡು, ಇದೊಂದ್ರಾಗ ಬ್ಯಾಡ."

ಅವನಿಗೆ ಮಗಳ ಲೆಕ್ಕ ಅರ್ಥವಾಗದೆ ಇರಲಿಲ್ಲ. ಅರ್ಥವಾದದ್ದಕ್ಕೇ ಸಿಟ್ಟು. ಮೂವತ್ತು ವರ್ಷ ಮಷಿನ್ನಿನ ಜೊತೆ ಬಾಳಿದ ತನಗೆ ಹುಡುಗಿ ಮಷಿನ್ನಿನ ಪಾಠ ಹೇಳುತ್ತಾಳೆ ಎಂದು ತಾಯಿಯ ಮುಂದೆ ಅಂದ. ಕೊನೆಗೆ, ಇಷ್ಟೆಲ್ಲ ತಲೆಬಿಸಿ ಯಾಕೆ, ನಮ್ಮ ಅಮರಯ್ಯನ ಅಂಗಡಿ ಇದೆಯಲ್ಲ ಎಂದ. ಆ ಮಾತಿಗೆ ಗದಿಗೆಮ್ಮನ ಮುಖ ಅರಳಿತು, ವರ್ಷಾಳ ಮುಖ ಇಳಿಯಿತು.

ಅಮರಯ್ಯ ಲಿಂಗಸೂಗೂರಿನ ಕಡೆಯವನು, ಇವರ ಊರಿಗೆ ನಾಲ್ಕು ಹರದಾರಿ. ಚಂದ್ರಾಮ ಹದಿನೆಂಟರ ಹುಡುಗನಾಗಿ ಒಂದು ತಗಡಿನ ಟ್ರಂಕು ಹಿಡಿದು ಕಾಚಿಗೂಡದಲ್ಲಿ ರೈಲಿಳಿದಾಗ, ತನ್ನ ಜೆರಾಕ್ಸ್ ಅಂಗಡಿಯ ನೆಲದ ಮೇಲೆ ಹಾಸಿಗೆ ಹಾಕಿಕೊಟ್ಟವನು. ಬಾಲಾನಗರದ ಲೇತ್ ಶೆಡ್ಡಿನಲ್ಲಿ ಕೆಲಸಕ್ಕೆ ಹಚ್ಚಿದವನೂ ಅವನೇ. ಜೆರಾಕ್ಸಿನ ಜಾಗದಲ್ಲಿ ಈಗ ಕಂಪ್ಯೂಟರು ಬಂದಿದ್ದವು. ನಮ್ಮ ಕಡೆಯವರು ಏನೇ ಕೊಳ್ಳಲಿ, ಮೊದಲು ನಮ್ಮ ಕಡೆಯವನ ಅಂಗಡಿ; ಅಲ್ಲಿ ಸಿಗದಿದ್ದರೆ ಮಾತ್ರ ಪರರ ಅಂಗಡಿ. ಭಾಷೆ ಬಾರದ ಊರಿಗೆ ಬಂದು ಬಿದ್ದವರು ಕಟ್ಟಿಕೊಂಡ ಕಟ್ಟಳೆ ಅದು. ತೆಲುಗು, ಹಿಂದಿ ಎರಡೂ ನೀರಿನಂತೆ ಬರತೊಡಗಿದ ಮೇಲೂ ಕಟ್ಟಳೆ ಹಾಗೇ ಉಳಿದಿತ್ತು.

ಭಾನುವಾರ ಗಂಡ, ಹೆಂಡತಿ, ಮಗಳು ಮೂವರೂ ಕಾಚಿಗೂಡದ ಆ ಅಂಗಡಿಗೆ ಹೋದರು. ಅಮರಯ್ಯ ಎದ್ದು ಬಂದು ಚಂದ್ರಾಮನ ಹೆಗಲು ತಟ್ಟಿದ, ರೇಣುಕಾಳಿಗೆ 'ಬಾ ತಂಗಿ' ಅಂದ, ಉಸ್ಮಾನಿಯಾ ಬಿಸ್ಕಿಟ್ಟು ಮತ್ತು ಚಹಾ ತರಿಸಿದ. ವರ್ಷಾಳ ಮೊಬೈಲನ್ನು ಕೈಗೆ ತೆಗೆದುಕೊಂಡು ಅವಳ ಪಟ್ಟಿಯನ್ನು ಬೆರಳಿಂದ ಮೇಲೆ ಕೆಳಗೆ ಸರಿಸಿದ. ಮುಗುಳ್ನಕ್ಕ.

ಪ್ರೊಸೆಸರು ಅದೇ ಇರಲಿ, ಕಾರ್ಡೂ ಅದೇ ಇರಲಿ ಎಂದ. ಎಸ್‌ಎಂಪಿಎಸ್‌ಗೆ ಬಂದಾಗ, ಇಂಟರ್‌ನೆಟ್ಟಿನಲ್ಲಿ ಹೆದರಿಸುವವರು ಬಹಳ, ತಾನು ಇನ್ನೂರು ಮಷಿನ್ನು ಕೂಡಿಸಿದ್ದೇನೆ, ಒಂಬೈನೂರರ ಪೆಟ್ಟಿಗೆ ಸಾಕು ಎಂದ. ಉಳಿದ ದುಡ್ಡಿಗೆ ಗಾಜಿನ ಬಾಗಿಲಿನ, ಏಳು ಬಣ್ಣದ ಲೈಟು ಹರಿಯುವ ಕ್ಯಾಬಿನೆಟ್ಟು ಕೊಡುತ್ತೇನೆ, ಲೈಟಿನ ಕೀಬೋರ್ಡು ತನ್ನ ಕಡೆಯಿಂದ ಮಗಳಿಗೆ ಕಾಣಿಕೆ. ಸ್ವಿಚ್ಚು ಹಾಕಿ ತೋರಿಸಿದ. ಕೆಂಪು ಹೋಗಿ ಹಸಿರು, ಹಸಿರು ಹೋಗಿ ನೀಲಿ. ಮೂರು ವಾರ 'ಶೋಕಿ, ಶೋಕಿ' ಎಂದು ಗೊಣಗಿದ್ದ ಚಂದ್ರಾಮ ಬಾಯಿ ಬಿಟ್ಟು ನೋಡಿದ.

"ಕಾಕಾ, ನನಗ ಲೈಟ್ ಬ್ಯಾಡ," ಎಂದಳು ವರ್ಷಾ. "ಎಸ್‌ಎಂಪಿಎಸ್ ಪಟ್ಟ್ಯಾಗ ಇದ್ದದ್ದೇ ಕೊಡ್ರಿ."

"ಹಿರ್ಯಾರು ಮಾತಾಡಾಕತ್ತೀವಿ," ಎಂದ ಚಂದ್ರಾಮ.

ಕಾರ್ಡಿನ ಖಾಲಿ ಪೆಟ್ಟಿಗೆಯನ್ನು ಮಾತ್ರ ವರ್ಷಾ ಕೇಳಿ ಇಸಿದುಕೊಂಡಳು. ದುಡ್ಡು ಎಣಿಸಿ ಕೊಟ್ಟಾದ ಮೇಲೆ ರೇಣುಕಾ ಮೆಲ್ಲಗೆ, ಬಿಲ್ಲು, ಎಂದಳು. ಚಂದ್ರಾಮನ ಮೊಣಕೈ ಅವಳ ಪಕ್ಕೆಗೆ ತಾಗಿತು. ಅಮರಯ್ಯನಿಗೆ ಕೇಳಿಸಿತ್ತು. ಅವನು ನಕ್ಕು, ಬಿಲ್ಲು ಹೊಡೆದರೆ ಟ್ಯಾಕ್ಸು ಬೀಳುತ್ತದೆ, ಮನೆಯವರ ಮೇಲೆ ತಾನು ಆ ಭಾರ ಹಾಕುವುದಿಲ್ಲ, ಏನಾದರೂ ಆದರೆ ತಾನೇ ಇದ್ದೇನಲ್ಲ ಎಂದ.

ಆಟೋದಲ್ಲಿ ಚಂದ್ರಾಮ ಅವಳ ಮೇಲೆ ಹರಿಹಾಯ್ದ. "ಮಲಗಾಕ ಜಾಗಾ ಕೊಟ್ಟವಗ ಬಿಲ್ಲು ಕೇಳ್ತೀಯೇನು? ಕೋಠಿ ಬುದ್ಧಿ ಕೋಠಿಯೊಳಗ ಇಟ್ಟು ಬಾ."

ರೇಣುಕಾ, ಔಷಧದಂಗಡಿಯಲ್ಲಿ ಎರಡು ರೂಪಾಯಿಯ ಗುಳಿಗೆಗೂ ಬಿಲ್ಲು ಹೊಡೆಯುವವಳು, ಐವತ್ತು ಸಾವಿರಕ್ಕೆ ಬರಿಗೈಯಲ್ಲಿ ಆಟೋ ಹತ್ತಿದ್ದಳು. ದಾರಿಯುದ್ದಕ್ಕೂ ವರ್ಷಾ ಹೊರಗೆ ನೋಡುತ್ತಿದ್ದಳು. ತಾಯಿಯ ಕಡೆ ಒಮ್ಮೆಯೂ ತಿರುಗಲಿಲ್ಲ.

ಮಷಿನ್ನು ಬಂದ ಮೊದಲ ಹದಿನೈದು ದಿನ ಮನೆ ತಣ್ಣಗಿತ್ತು. ವರ್ಷಾ ಹೊತ್ತಿಗೆ ಸರಿಯಾಗಿ ಬಂದು, ಮೂಲೆಯ ಮೇಜಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನು ಏರಿಸಿ ಟೀಮಿನವರ ಜೊತೆ ಆಡುವಳು. ಗದಿಗೆಮ್ಮ ಹಿಂದೆ ಮಂಚದ ಮೇಲೆ ಕಾಲು ಮಡಚಿ ಕೂತು ನೋಡುವಳು. ಲೈಟು ಅವಳಿಗೆ ಬಹಳ ಹಿಡಿಸಿತ್ತು, ದೇವರ ಮುಂದೆ ಇಟ್ಟರೆ ಚಂದ ಕಾಣುತ್ತಿತ್ತು ಎಂದಳು.

"ಇವತ್ತ ಎಷ್ಟ ಮಂದಿನ್ನ ಕೊಂದಿ?"

"ಹದಿನೆಂಟು, ಆಯಿ."

"ಮೊದ್ಲ ಉಣ್ಣು. ಉಂಡು ಕೊಲ್ಲು."

ಆಮೇಲೆ ಮಷಿನ್ನು ಆಟದ ನಡುವೆ ತಾನಾಗಿ ಆರಿಹೋಗತೊಡಗಿತು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನವೂ. ಟೀಮಿನ ಹುಡುಗಿಯರು ಗುರ್ ಎನ್ನತೊಡಗಿದರು, ಆರನೆಯವಳ ಹೆಸರು ಮಾತಿನಲ್ಲಿ ಬರತೊಡಗಿತು. ಎಸ್‌ಎಂಪಿಎಸ್ ತಾಳುತ್ತಿಲ್ಲ, ಬದಲಿಸೋಣ ಎಂದು ವರ್ಷಾ ತಂದೆಗೆ ಹೇಳಿದಳು. ತಂದೆ ಅಮರಯ್ಯನಿಗೆ ಫೋನು ಮಾಡಿದ. ಹೊಸ ಮಷಿನ್ನು, ಪಳಗಲಿ ಎಂದು ಅಮರಯ್ಯ ಹೇಳಿದ. ಪಳಗಲು ಅದೇನು ಹೋರಿಯೇ ಎಂದು ರೇಣುಕಾ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದಳು.

ಪಂದ್ಯದ ಭಾನುವಾರಕ್ಕೆ ಇನ್ನೂ ಕೆಲವು ದಿನ ಇದ್ದಾಗ, ಸಂಜೆ, ಪಟ್ ಎಂದು ಸದ್ದಾಯಿತು. ಏಳೂ ಬಣ್ಣ ಒಟ್ಟಿಗೆ ಆರಿದವು. ಸುಟ್ಟ ರಬ್ಬರಿನ ವಾಸನೆ ಅಡುಗೆಮನೆಯವರೆಗೆ ಬಂತು. ವರ್ಷಾ ಪ್ಲಗ್ಗು ಕಿತ್ತು, ಗಾಜಿನ ಬಾಗಿಲು ಬಿಚ್ಚಿ ನೋಡಿದಳು. ಮರುದಿನ ಕಾಲೇಜಿನ ಗೆಳೆಯನ ಮಷಿನ್ನಿಗೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ ಬಂದಳು. ಉಳಿದದ್ದೆಲ್ಲ ಬದುಕಿತ್ತು. ಎಸ್‌ಎಂಪಿಎಸ್ ಸಾಯುವಾಗ ಗ್ರಾಫಿಕ್ಸ್ ಕಾರ್ಡನ್ನು ಜೊತೆಗೆ ಕರೆದೊಯ್ದಿತ್ತು. ಒಂಬೈನೂರರದು ಇಪ್ಪತ್ತು ಸಾವಿರದ್ದನ್ನು ನುಂಗಿತ್ತು.

ಕಾರ್ಡಿಗೆ ಕಂಪನಿಯ ಮೂರು ವರ್ಷದ ವಾರಂಟಿ ಇತ್ತು. ವರ್ಷಾ ಪೆಟ್ಟಿಗೆ ಹಿಡಿದು ಸರ್ವಿಸ್ ಕೌಂಟರಿಗೆ ಹೋದಳು. ಅಲ್ಲಿಯ ಹುಡುಗಿ ಕೇಳಿದ ಮೊದಲ ಮಾತೇ ಬಿಲ್ಲು.

ಆ ದಿನ ಚಂದ್ರಾಮ ಶೆಡ್ಡಿನಿಂದ ಕಾಚಿಗೂಡಕ್ಕೆ ಹೋಗಿ ಬಂದ. ಮನೆಯಲ್ಲಿ ಮೂವರೂ ಕಾದಿದ್ದರು. ಅವನು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅನ್ನ ಹಾಕು ಎಂದ. ಎರಡು ತುತ್ತು ಉಂಡು, ಅಮರಯ್ಯ ಬಹಳ ನೊಂದುಕೊಂಡ ಎಂದ. ಹುಡುಗಿ ಹಗಲೂ ರಾತ್ರಿ ಆಡಿದ್ದಾಳೆ, ಕಾಯಿಸಿ ಸುಟ್ಟಿದ್ದಾಳೆ, ಆದರೂ ಹಬ್ಬ ಮುಗಿಯಲಿ, ಏನಾದರೂ ಅರ್ಧಕ್ಕೆ ನೋಡೋಣ ಎಂದು ಹೇಳಿದನಂತೆ.

"ಮತ್ತ ಬಿಲ್ಲು?" ಎಂದಳು ರೇಣುಕಾ.

"ಈಗ ಹೆಂಗ ಕೇಳಾಕ ಬರ್ತೈತಿ? ಅಂಗಡಿ ತುಂಬ ಮಂದಿ ಇದ್ರು. ಚಾ ತರಿಸಿದ."

"ಕುಡದ್ರಿ."

"ಕುಡದೆ. ಏನ್ ಮಾಡ್ಲಿ, ಮಾರಿ ಮ್ಯಾಲ ಚೆಲ್ಲಿ ಬರ್ಬೇಕಿತ್ತೇನು?"

"ಹೌದು," ಎಂದಳು ವರ್ಷಾ.

ಚಂದ್ರಾಮ ತಾಟು ನೂಕಿದ. ತಾಟು ಗೋಡೆಗೆ ಹೋಗಿ ಬಡಿಯಿತು, ಅನ್ನ ನೆಲದ ಮೇಲೆ ಹರಡಿತು. ಮಗಳನ್ನು ತಲೆಯ ಮೇಲೆ ಕೂಡಿಸಿಕೊಂಡದ್ದು ಅವಳ ತಾಯಿ ಎಂದ. ಸಂಬಂಧ ಎಂದರೆ ಏನೆಂದು ಈ ಊರಲ್ಲಿ ಹುಟ್ಟಿದವರಿಗೆ ಗೊತ್ತಿಲ್ಲ ಎಂದ. ತಾನು ಕಾಚಿಗೂಡದ ನೆಲದ ಮೇಲೆ ಮಲಗಿದ್ದು ಮತ್ತೆ ಹೊರಬಂತು, ಅಮರಯ್ಯ ಕೊಟ್ಟ ಚಾದರವೂ ಬಂತು. ಗದಿಗೆಮ್ಮ ಮಗನ ಪರ ಎರಡು ಮಾತು ಸೇರಿಸಿದಳು. ಮೊದಲೇ ದೃಷ್ಟಿ ತೆಗೆದಿದ್ದರೆ ಹೀಗಾಗುತ್ತಿರಲಿಲ್ಲ ಎಂದಳು.

ವರ್ಷಾ ಎದ್ದು ನಿಂತಳು. "ನೀ ಮಲಗಿದ್ದಕ್ಕ ನನ್ನ ಕಾರ್ಡ್ ಬಾಡಿಗಿ ಏನು? ಎಷ್ಟ ವರ್ಷ ಕಟ್ಟಬೇಕು ಹೇಳು, ಒಮ್ಮಿಗೇ ಕಟ್ತೀನಿ."

ಚಂದ್ರಾಮ ಕೈ ಎತ್ತಿದ. ರೇಣುಕಾ ನಡುವೆ ಬಂದು ನಿಂತಳು. ಕೈ ಹಾಗೇ ಕೆಳಗಿಳಿಯಿತು. ನೆಲದ ಮೇಲಿನ ಅನ್ನ ಬಳಿಯುವಾಗ ರೇಣುಕಾಳಿಗೆ ಹೊಳೆದದ್ದು ಒಂದೇ: ಅಂದು ಅಂಗಡಿಯಲ್ಲಿ ತಾನು ಇನ್ನೊಂದು ಸಲ ಕೇಳಲಿಲ್ಲ. ಪಕ್ಕೆಗೆ ಮೊಣಕೈ ತಾಗಿದ್ದಕ್ಕೆ ಬಾಯಿ ಮುಚ್ಚಿಕೊಂಡಿದ್ದಳು. ಮಗಳು ಆಟೋದಲ್ಲಿ ಮುಖ ತಿರುಗಿಸಿದ್ದು ತಂದೆಯ ಮೇಲಿನ ಸಿಟ್ಟಿಗಲ್ಲ.

ಶನಿವಾರ ಔಷಧದಂಗಡಿಯಲ್ಲಿ ರೇಣುಕಾಳ ಮನಸ್ಸಿರಲಿಲ್ಲ. ಮಧ್ಯಾಹ್ನ ಮಾಲೀಕರಿಗೆ ಹೇಳಿ ಬೇಗ ಹೊರಟಳು. ವರ್ಷಾಳ ಕಡೆಯಿಂದ ಬೆಳಿಗ್ಗೆಯೇ ಸುಟ್ಟ ಕಾರ್ಡನ್ನು ಪೆಟ್ಟಿಗೆಯ ಸಮೇತ ಚೀಲಕ್ಕೆ ಹಾಕಿಸಿಕೊಂಡಿದ್ದಳು. ಸುಟ್ಟ ಎಸ್‌ಎಂಪಿಎಸ್ ಕೂಡ. ಬಸ್ಸಿನಲ್ಲಿ ಹೆಂಗಸರು ಮೈಗೆ ಮೈ ಹತ್ತಿ ನಿಂತಿದ್ದರು. ಟಿಕೆಟ್ಟು ಬಿಟ್ಟಿಯಾದಾಗಿನಿಂದ ಯಾವ ಬಸ್ಸಿನಲ್ಲೂ ಕಾಲಿಡಲು ಜಾಗವಿಲ್ಲ. ರೇಣುಕಾ ಚೀಲವನ್ನು ಎದೆಗೆ ಒತ್ತಿಕೊಂಡು ಕಾಚಿಗೂಡದಲ್ಲಿ ಇಳಿದಳು.

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಇಸ್ತ್ರಿಯ ಅಂಗಿ ತೊಟ್ಟ ಒಬ್ಬ ಹಿರಿಯರು ಕುರ್ಚಿಯ ಮೇಲೆ ಕೂತು, ತಮ್ಮ ಕೋಚಿಂಗ್ ಸೆಂಟರಿಗೆ ಹತ್ತು ಕಂಪ್ಯೂಟರು ಬೇಕೆಂದು ತೆಲುಗಿನಲ್ಲಿ ವಿಚಾರಿಸುತ್ತಿದ್ದರು. ಅಮರಯ್ಯ ಅವರಿಗೆ ದರ ಹೇಳುತ್ತಲೇ ಇವಳನ್ನು ನೋಡಿದ.

"ಬಾ ತಂಗಿ, ಕುಂದ್ರು. ಚಾ ತರಿಸ್ತೀನಿ."

ಅವಳು ಕೂರಲಿಲ್ಲ. ಬಸ್ಸಿನಲ್ಲಿ ಬರುವಾಗ ಆಡಬೇಕಾದ ಮಾತನ್ನು ಕನ್ನಡದಲ್ಲೇ ಜೋಡಿಸಿಕೊಂಡಿದ್ದಳು. ಬಾಯಿಗೆ ಬಂದದ್ದು 'ಅಣ್ಣಾರ' ಎಂಬ ಮಾತು. ಅದು ಹೊರಗೆ ಬಿದ್ದರೆ ಮುಂದಿನದೆಲ್ಲ ತಾನಾಗಿ ಮೆತ್ತಗಾಗುತ್ತದೆ ಎಂದು ತಿಳಿಯಿತು. ಅಣ್ಣಾರ ಎಂದವಳು ಕೂರಬೇಕು, ಕೂತವಳು ಚಹಾ ಕುಡಿಯಬೇಕು. ಅವಳು ಚೀಲದಿಂದ ಸುಟ್ಟ ಎರಡನ್ನೂ ತೆಗೆದು ಕೌಂಟರಿನ ಗಾಜಿನ ಮೇಲೆ, ಹಿರಿಯರ ಮೊಣಕೈ ಪಕ್ಕದಲ್ಲಿ ಇಟ್ಟಳು. ಕೋಠಿಯ ಕೌಂಟರಿನಲ್ಲಿ ದಿನವೂ ಆಡುವ ದನಿಯಲ್ಲಿ, ದಿನವೂ ಆಡುವ ತೆಲುಗಿನಲ್ಲಿ ಕೇಳಿದಳು.

"ಬಿಲ್ಲು ಇವ್ವಂಡಿ."

ಬಿಲ್ಲು ಕೊಡಿ ಎಂದಷ್ಟೇ. ಅಮರಯ್ಯ ನಕ್ಕ. ಯಾವ ಬಿಲ್ಲು ತಂಗಿ, ಒಳಗೆ ಬಾ, ಮಾತಾಡೋಣ ಎಂದು ಕನ್ನಡದಲ್ಲಿ ಅಂದ. ರೇಣುಕಾ ತೆಲುಗು ಬಿಡಲಿಲ್ಲ. ಈ ಅಂಗಡಿಯಲ್ಲಿ ಇಂಥ ತಿಂಗಳು ಐವತ್ತು ಸಾವಿರ ಕೊಟ್ಟು ಮಷಿನ್ನು ಕೊಂಡಿದ್ದೇನೆ, ಒಳ್ಳೆಯ ಎಸ್‌ಎಂಪಿಎಸ್ ಕೊಡಿ ಎಂದು ಮಗಳು ಕೇಳಿದರೂ ಇದನ್ನು ಕೊಟ್ಟಿರಿ, ಇದು ಸುಟ್ಟು ಕಾರ್ಡನ್ನೂ ಸುಟ್ಟಿದೆ, ಬಿಲ್ಲಿಲ್ಲದೆ ಕಂಪನಿಯವರು ಮುಟ್ಟುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ದನಿ ಏರುತ್ತಾ ಹೋಯಿತು. ಇಷ್ಟು ವರ್ಷ ಅವನ ಮೇಲಿನ ಗೊಣಗಾಟವೆಲ್ಲ ಕನ್ನಡದಲ್ಲಿ, ಮನೆಯ ನಾಲ್ಕು ಗೋಡೆಯೊಳಗೆ ನಡೆದಿತ್ತು. ಈಗ ಅಂಗಡಿಯಲ್ಲಿದ್ದ ಪ್ರತಿಯೊಬ್ಬರಿಗೂ ಪ್ರತಿ ಮಾತೂ ತಿಳಿಯುತ್ತಿತ್ತು. ಮೌಸು ನೋಡುತ್ತಿದ್ದ ಇಬ್ಬರು ಹುಡುಗರು ಇತ್ತ ತಿರುಗಿದರು. ದಾರಿಯಲ್ಲಿ ಹೋಗುವವನೊಬ್ಬ ಮೆಟ್ಟಿಲ ಮೇಲೆ ನಿಂತ.

ಅಮರಯ್ಯನ ನಗು ಒಣಗಿತು. "ತಂಗಿ, ನಮ್ಮ ಭಾಷಾದಾಗ ಮಾತಾಡು. ಮಂದಿ ಮುಂದ ಹಿಂಗ ಮಾಡ್ಬಾರ್ದು. ನಿನ್ನ ಗಂಡಗ ಫೋನ್ ಹಚ್ತೀನಿ ನೋಡು."

ಹಚ್ಚಿದ. ಎರಡು ಮಾತಾಡಿ ಫೋನನ್ನು ಅವಳ ಮುಂದೆ ಹಿಡಿದ. ಆ ತುದಿಯಲ್ಲಿ ಲೇತಿನ ಸದ್ದಿನ ನಡುವೆ ಚಂದ್ರಾಮ ಕೂಗುತ್ತಿದ್ದ, ಮೊದಲು ಅಲ್ಲಿಂದ ಎದ್ದು ಬಾ, ಮನೆಗೆ ಹೋಗು. ರೇಣುಕಾ ಫೋನು ಮುಟ್ಟಲಿಲ್ಲ. ಮಷಿನ್ನಿನ ದುಡ್ಡಿನಲ್ಲಿ ದೊಡ್ಡ ಪಾಲು ನನ್ನದು, ಗಂಡನನ್ನು ಕೇಳುವುದೇನಿದೆ, ಬಿಲ್ಲು ಕೊಡಿ ಎಂದಳು.

ಆಗ ಕೋಚಿಂಗ್ ಸೆಂಟರಿನ ಹಿರಿಯರು ಸುಟ್ಟ ಎಸ್‌ಎಂಪಿಎಸ್ಸನ್ನು ಕೈಗೆತ್ತಿಕೊಂಡು ಮೂಸಿದರು. ನಮ್ಮ ಹತ್ತಕ್ಕೂ ಇದನ್ನೇ ಹಾಕುತ್ತೀರೋ ಎಂದು ಅಮರಯ್ಯನನ್ನು ತೆಲುಗಿನಲ್ಲಿ ಕೇಳಿದರು. ಹಾಗೆಯೇ, ನಮಗಾದರೂ ಬಿಲ್ಲು ಸಿಗುತ್ತದೋ ಎಂದರು.

ಅಮರಯ್ಯ ಕಂಪ್ಯೂಟರಿನ ಮುಂದೆ ಕೂತ. ಕೀಲಿಗಳ ಮೇಲೆ ಬೆರಳು ಬಡಿದ ರೀತಿಯಲ್ಲೇ ಅವನ ಸಿಟ್ಟು ಕಾಣುತ್ತಿತ್ತು. ರೇಣುಕಾ ಕೌಂಟರಿನ ಮೇಲೆ ಬಾಗಿ, ಕಾರ್ಡಿನ ಸೀರಿಯಲ್ ನಂಬರು, ಕೊಂಡ ತಾರೀಖು ಎರಡನ್ನೂ ಓದಿಸಿ ಹಾಕಿಸಿದಳು. ಕಂಪನಿಯಿಂದ ಕಾರ್ಡು ಬರಲು ತಿಂಗಳಾಗುತ್ತದೆ, ಮಗಳ ಪಂದ್ಯ ನಾಳೆ; ಬಿಲ್ಲು, ಸುಟ್ಟ ಕಾರ್ಡು ಎರಡನ್ನೂ ನೀವೇ ಇಟ್ಟುಕೊಂಡು ಕಂಪನಿಯ ಹತ್ತಿರ ಬದಲಿಸಿಕೊಳ್ಳಿ, ನನಗೆ ಇವತ್ತು ಕಪಾಟಿನಿಂದ ಹೊಸದು ಕೊಡಿ, ಅದಕ್ಕೆ ಬೇರೆ ಬಿಲ್ಲು ಕೊಡಿ ಎಂದಳು. ಅವನು ಒಲ್ಲೆ ಎನ್ನಲು ಬಾಯಿ ತೆಗೆದ. ಹಿರಿಯರ ಕಡೆ ನೋಡಿದ. ಹತ್ತು ಮಷಿನ್ನಿನ ಗಿರಾಕಿ ಕುರ್ಚಿಯ ತುದಿಗೆ ಬಂದಿದ್ದರು.

ಕಪಾಟಿನಿಂದ ಕಾರ್ಡು ಇಳಿಯಿತು. ಒಳ್ಳೆಯ ಎಸ್‌ಎಂಪಿಎಸ್‌ಗೆ ಒಂಬೈನೂರು ಕಳೆದು ಉಳಿದ ದುಡ್ಡನ್ನು ರೇಣುಕಾ ಎಣಿಸಿಟ್ಟಳು. ಅದಕ್ಕೂ ಬಿಲ್ಲು ಇಸಿದುಕೊಂಡಳು. ಹೊರಡುವಾಗ ಅಮರಯ್ಯ ತಗ್ಗಿದ ದನಿಯಲ್ಲಿ, ಕನ್ನಡದಲ್ಲೇ, ಇನ್ನು ಮೇಲೆ ಈ ಮೆಟ್ಟಿಲು ಹತ್ತಬೇಡಿ, ನೀನೂ, ನಿನ್ನ ಗಂಡನೂ ಎಂದ. ಅವಳು ತೆಲುಗಿನಲ್ಲಿ ಸರಿ ಎಂದಳು. ಮೆಟ್ಟಿಲಿಳಿದು, ಬಸ್ಸು ಬರುವವರೆಗೆ ಒಂದು ಪಾನಂಗಡಿಯ ಕಟ್ಟೆ ಹಿಡಿದು ನಿಂತಿದ್ದಳು.

ಶನಿವಾರ ಸಂಜೆ ಮನೆಯಲ್ಲಿ ಬೆಂಕಿ. ಮೂವತ್ತು ವರ್ಷದ ಸಂಬಂಧಕ್ಕೆ ಒಂದು ತಾಸಿನಲ್ಲಿ ಮಣ್ಣು ಹಾಕಿ ಬಂದೆ ಎಂದು ಚಂದ್ರಾಮ ಕೂಗಿದ. ನಮ್ಮ ಕಡೆಯ ಹತ್ತು ಮನೆಗೆ ಅಮರಯ್ಯ ಆಗಲೇ ಫೋನು ಮಾಡಿಯಾಗಿತ್ತು. ನಾಳೆಯಿಂದ ಯಾರ ಮದುವೆಯಲ್ಲಿ ಹೇಗೆ ಮುಖ ತೋರಿಸಲಿ ಎಂದ. ರೇಣುಕಾ ಜೋಳದ ಹಿಟ್ಟು ನಾದುತ್ತಿದ್ದಳು. ಅವನು ಉಣ್ಣದೆ ಮಲಗಿದ. ವರ್ಷಾ ಮೂಲೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಳು. ಮಷಿನ್ನು ಹೊತ್ತಿಕೊಂಡಾಗ ಲೈಟಿನ ವೈರನ್ನು ಮಾತ್ರ ಕಿತ್ತು ಹೊರಗಿಟ್ಟಳು.

ಭಾನುವಾರ ಸಂಜೆ ಪಂದ್ಯ ಶುರುವಾಯಿತು. ಮೊದಲನೆಯದು ಸೋತರು, ಎರಡನೆಯದು ಗೆದ್ದರು, ಮೂರನೆಯದರಲ್ಲಿ ತೀರ್ಮಾನ. ವರ್ಷಾ ಪರದೆಗೆ ಅಂಟಿ ಕೂತು, ಹೆಡ್‌ಫೋನಿನ ಮೈಕಿನಲ್ಲಿ ಹಿಂದಿ, ತೆಲುಗು ಬೆರೆಸಿ ಟೀಮಿನವರಿಗೆ ಒದರುತ್ತಿದ್ದಳು. ಹಿಂದೆ ಸರಿ, ಎಡಗಡೆ ನೋಡು, ನನ್ನ ಬೆನ್ನ ಕಾಯಿ. ಎರಡು ದಿನದ ಸಿಟ್ಟೆಲ್ಲ ಆ ದನಿಯಲ್ಲಿತ್ತು. ಗದಿಗೆಮ್ಮ ಮಂಚದ ಮೇಲೆ ಕಿವಿ ಮುಚ್ಚಿಕೊಂಡಳು. ಮೇಲಿನ ಮಹಡಿಯ ಮನೆಯೊಡತಿ ಮೆಟ್ಟಿಲ ಮೇಲಿನಿಂದ ಇಣುಕಿ ಹೋದಳು.

ಚಂದ್ರಾಮ ಬೆಳಗಿನಿಂದ ಹೆಂಡತಿಯ ಜೊತೆ ಮಾತಾಡಿರಲಿಲ್ಲ. ಈಗ ಅ‌ಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಹೆಣ್ಣುಮಗಳು. ಓಣಿಗೆಲ್ಲಾ ಕೇಳಾಕತ್ತೈತಿ. ಸಣ್ಣಗ ಮಾತಾಡು ಅಂತ ಹೇಳು ಆಕಿಗಿ."

ರೇಣುಕಾ ಅವನ ತಾಟಿಗೆ ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು, ಮುಂದೆ ಸರಿಸಿದಳು.

"ಸಣ್ಣಗ ಕೇಳಿದ್ದಕ್ಕ ನಿಮಗ ಚಾ ಕುಡಿಸಿ ಕಳಿಸಿದ. ಒದರ್ಲಿ ಬಿಡ್ರಿ."